ಹುಡುಕಿಕೊಡುವವರ ಕೆಲಸ

(ಗ್ರಂಥಪಾಲಕರ ದಿನದ ಅಂಗವಾಗಿ, ವಿಜ್ಞಾನ ಗ್ರಂಥಾಲಯದ ನಿವೃತ್ತ ಗ್ರಂಥಪಾಲಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಗ್ರಂಥಪಾಲಕ ಎಂದರೆ ಪುಸ್ತಕ ಕಾಯುವವನು ಎಂಬ ಅರ್ಥ ಆ ಪದದಲ್ಲೇ ಅಡಗಿದೆ. 'ಪಾಲಕ' ಎಂದ ಮೇಲೆ ಕಾವಲು ಬಂತು, ಬೀಗದ ಕೈ ಬಂತು, ದಂಡ ವಸೂಲಿಯೂ ಬಂತು. ವಿಜ್ಞಾನ ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: "ಇದನ್ನೆಲ್ಲ ನೀವು ಓದುತ್ತೀರಾ?" ಓದಲು ಸಾಧ್ಯವಿಲ್ಲ, ಓದಬೇಕಾಗಿಯೂ ಇಲ್ಲ. ಊರಿನ ಅಂಚೆಯವನು ಕಾಗದಗಳನ್ನು ಒಡೆದು ಓದುವುದಿಲ್ಲ. ಆದರೆ ಯಾವ ಕಾಗದ ಯಾವ ಓಣಿಯ ಯಾವ ಮನೆಗೆ ಸೇರಬೇಕೆಂಬುದು ಅವನಿಗೆ ಗೊತ್ತಿರುತ್ತದೆ. ವಿಜ್ಞಾನ ಗ್ರಂಥಪಾಲಕನ ಕಸುಬೂ ಹೆಚ್ಚು ಕಡಿಮೆ ಅದೇ. ಒಂದು ವ್ಯತ್ಯಾಸವೆಂದರೆ, ನಮ್ಮಲ್ಲಿಗೆ ಬರುವ ಕಾಗದಗಳ ಮೇಲೆ ವಿಳಾಸ ಇರುವುದಿಲ್ಲ. ಅದನ್ನು ನಾವೇ ಬರೆಯಬೇಕು.

ಈ ಕಸುಬು ಏನು, ನಾನು ಅದರಲ್ಲಿದ್ದ ವರ್ಷಗಳಲ್ಲಿ ಹೇಗೆ ಬದಲಾಯಿತು, ಇಂದು ಅದರಲ್ಲಿ ಯಾವುದು ಅಪಾಯದಲ್ಲಿದೆ ಎಂಬ ಮೂರು ಮಾತುಗಳನ್ನು ಹೇಳಲು ಬಯಸುತ್ತೇನೆ.

ಗಣಿತದ ಮೇಷ್ಟರು ಕೊಟ್ಟ ದಾರಿ

ಆಗಸ್ಟ್ 12ನ್ನು ನಾವು ಗ್ರಂಥಪಾಲಕರ ದಿನವೆಂದು ಆಚರಿಸುವುದು ಎಸ್.ಆರ್. ರಂಗನಾಥನ್ ಅವರ ನೆನಪಿಗೆ. ಅವರು ಮೊದಲು ಗಣಿತದ ಅಧ್ಯಾಪಕರು. 1917ರಲ್ಲಿ ಅವರ ಅಧ್ಯಾಪಕ ವೃತ್ತಿ ಆರಂಭವಾದದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸ ಅವರಿಗೆ ಎಷ್ಟು ಬೇಸರ ತಂದಿತೆಂದರೆ, ಕೆಲವೇ ದಿನಗಳಲ್ಲಿ ತರಗತಿಗೆ ಹಿಂದಿರುಗಲು ಹವಣಿಸಿದರು. ವೃತ್ತಿಯ ಅಧ್ಯಯನಕ್ಕೆ ಲಂಡನ್ನಿಗೆ ಹೋಗಿ ಬಂದ ಮೇಲೆ ಅವರ ಮನಸ್ಸು ಬದಲಾಯಿತು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮಕ್ಕಳ ಮೆಕ್ಯಾನೊ ಆಟಿಕೆಯನ್ನು ಕಂಡರು. ಕೆಲವೇ ಪಟ್ಟಿಗಳು, ತಿರುಪುಗಳು. ಜೋಡಿಸುವ ಬಗೆ ಬದಲಾದರೆ ಬೇರೆ ಬೇರೆ ಯಂತ್ರಗಳು. ಪುಸ್ತಕಗಳ ವಿಷಯವನ್ನೂ ಹೀಗೆಯೇ ಬಿಡಿ ಭಾಗಗಳಾಗಿ ಒಡೆದು ಮತ್ತೆ ಜೋಡಿಸಬಹುದಲ್ಲ ಎಂಬ ಯೋಚನೆ ಅಲ್ಲಿ ಹುಟ್ಟಿತು. 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣದ ಬೀಜ ಅದು. ಅದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಹೇಳುವ ಅವರ ಪುಸ್ತಕ ಪ್ರಕಟವಾಗಿತ್ತು. 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು; 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು; 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಅವರ ಸೂತ್ರಗಳು ಕೇಳಲು ತೀರ ಸರಳ. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಇದನ್ನು ಹೇಳಲು ಒಬ್ಬ ಗಣಿತಜ್ಞ ಬೇಕಿತ್ತೇ ಎಂದು ಅನ್ನಿಸಬಹುದು. ಆದರೆ ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಪುಸ್ತಕಗಳು ಬೀಗ ಹಾಕಿದ ಗಾಜಿನ ಬೀರುಗಳಲ್ಲೇ ಇದ್ದವು. ಇದು ಗ್ರಂಥಪಾಲಕನ ಜಿಪುಣತನವಲ್ಲ. ವಾರ್ಷಿಕ ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ಅದರ ಬೆಲೆಯನ್ನು ಅವನ ಸಂಬಳದಿಂದ ಮುರಿದುಕೊಂಡಾರೆಂಬ ಭಯ ಅವನಿಗಿತ್ತು. ಕಳೆದ ಪುಸ್ತಕಕ್ಕೆ ಲೆಕ್ಕ ಕೇಳುವವರಿದ್ದರು; ಯಾರೂ ತೆರೆಯದ ಪುಸ್ತಕಕ್ಕೆ ಲೆಕ್ಕ ಕೇಳುವವರು ಇರಲಿಲ್ಲ.

ಕೇಳಿದ್ದು ಬೇರೆ, ಬೇಕಾದದ್ದು ಬೇರೆ

ವೃತ್ತಿಗೆ ಬಂದ ಮೇಲೆ ನಾನು ಕಲಿತ ಮುಖ್ಯ ಪಾಠವೆಂದರೆ, ಓದುಗ ಕೇಳುವುದು ಒಂದು, ಅವನಿಗೆ ಬೇಕಾಗಿರುವುದು ಇನ್ನೊಂದು. ಒಮ್ಮೆ ಒಬ್ಬ ಹುಡುಗ ಬಂದು, "ಸರ್, ಕೆಮಿಸ್ಟ್ರಿ ಬುಕ್ಸ್ ಎಲ್ಲಿವೆ?" ಎಂದ. ಕೈ ತೋರಿಸಿ ಕಳಿಸಬಹುದಿತ್ತು. ಕೂರಿಸಿ ನಾಲ್ಕು ಮಾತು ಕೇಳಿದಾಗ ವಿಷಯ ಹೊರಬಿತ್ತು. ಅವನ ಊರಿನ ಕೊಳವೆ ಬಾವಿಯ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತಿತ್ತು. ಅದರ ಬಗ್ಗೆ ಪ್ರಬಂಧ ಬರೆಯುವುದು ಅವನ ಆಸೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು; ಹುಡುಕಬೇಕಾದ ಇಂಗ್ಲಿಷ್ ಪದ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಲು ಸಂಕೋಚ. ಅವನಿಗೆ ಬೇಕಾಗಿದ್ದದ್ದು ಫ್ಲೋರೈಡ್. ಅದರ ಮಾಹಿತಿ ರಸಾಯನ ವಿಜ್ಞಾನದ ಕಪಾಟಿನಲ್ಲಷ್ಟೇ ಇರುವುದಿಲ್ಲ. ಭೂವಿಜ್ಞಾನದಲ್ಲಿದೆ, ದಂತ ವೈದ್ಯದಲ್ಲಿದೆ, ಸಾರ್ವಜನಿಕ ಆರೋಗ್ಯದಲ್ಲಿದೆ. ನೆಲ್ಲೂರಿನ ಕಡೆ ಇಂಥ ರೋಗವನ್ನು ವಿವರಿಸಿದ ಲೇಖನ 1937ರಷ್ಟು ಹಿಂದೆಯೇ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ತನ್ನ ಊರಿನ ತೊಂದರೆಗೆ ಅಷ್ಟು ಹಳೆಯ ಚರಿತ್ರೆಯಿದೆ ಎಂದು ತಿಳಿದಾಗ ಅವನಿಗೆ ಆದದ್ದು ಆಶ್ಚರ್ಯವೋ ಸಿಟ್ಟೋ ಹೇಳಲಾರೆ.

ಹೀಗೆ ಪ್ರಶ್ನೆಯನ್ನು ಬಿಡಿಸುವಾಗ ನನಗೆ ನೆರವಾದದ್ದು ರಂಗನಾಥನ್ ಅವರ ವರ್ಗೀಕರಣವೇ. ಯಾವುದೇ ವಿಷಯವನ್ನು ಐದು ಮುಖಗಳಲ್ಲಿ ನೋಡಬೇಕೆಂದು ಅವರು ಹೇಳಿದರು. ಯಾವ ವಸ್ತುವಿನ ಬಗ್ಗೆ, ಅದರಲ್ಲಿರುವ ದ್ರವ್ಯ ಯಾವುದು, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ. ಪುಸ್ತಕದ ಬೆನ್ನಿಗೆ ಅಂಟಿಸುವ ಸಂಖ್ಯೆಗಾಗಿ ಹುಟ್ಟಿದ ಕ್ರಮ ಇದು. ಆದರೆ ಎದುರು ಕುಳಿತ ವಿದ್ಯಾರ್ಥಿಯನ್ನು ಮಾತಾಡಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಾಣಲಿಲ್ಲ. ಇಂದು ಬಹಳಷ್ಟು ಗ್ರಂಥಾಲಯಗಳಲ್ಲಿ ಕೋಲನ್ ಸಂಖ್ಯೆಗಳಿಲ್ಲ. ಡ್ಯೂಯಿ ಪದ್ಧತಿಯೇ ಹೆಚ್ಚು. ಆದರೂ ಪ್ರಶ್ನೆಯನ್ನು ಬಿಡಿಸಿ ನೋಡುವ ಆ ವಿದ್ಯೆ ಹಳತಾಗಿಲ್ಲ.

ಹಡಗಿನಲ್ಲಿ ಬಂದ ವಿಜ್ಞಾನ

ವಿಜ್ಞಾನ ಗ್ರಂಥಾಲಯದ ಜೀವಾಳ ಪುಸ್ತಕವಲ್ಲ, ಸಂಶೋಧನ ಪತ್ರಿಕೆ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಆರಂಭಿಸಿದ ಪತ್ರಿಕೆಯಿಂದ ಇಂದಿನವರೆಗೆ, ವಿಜ್ಞಾನಿಯೊಬ್ಬ ತಾನು ಕಂಡದ್ದನ್ನು ಲೋಕಕ್ಕೆ ತಿಳಿಸುವ ಕ್ರಮ ಇದೇ. ನಮ್ಮಲ್ಲಿಗೆ ಹೊರದೇಶದ ಪತ್ರಿಕೆಗಳು ಬಹುಕಾಲ ಹಡಗಿನ ಅಂಚೆಯಲ್ಲಿ ಬರುತ್ತಿದ್ದವು. ಅಮೆರಿಕದಲ್ಲಿ ಜನವರಿಯಲ್ಲಿ ಪ್ರಕಟವಾದದ್ದು ನಮ್ಮ ಮೇಜಿಗೆ ಬರುವ ಹೊತ್ತಿಗೆ ಯುಗಾದಿ ಕಳೆದಿರುತ್ತಿತ್ತು. ಬಂದ ಪ್ರತಿ ಸಂಚಿಕೆಯನ್ನೂ ಕಾರ್ಡೆಕ್ಸಿನಲ್ಲಿ ಗುರುತು ಮಾಡಬೇಕು. ನಡುವೆ ಒಂದು ತಪ್ಪಿದರೆ ಪ್ರಕಾಶಕರಿಗೆ ಬರೆಯಬೇಕು. ತಡವಾಗಿ ಬರೆದರೆ ಅವರು ಕೊಡುವುದಿಲ್ಲ. ಒಂದು ಸಂಚಿಕೆ ಇಲ್ಲದಿದ್ದರೆ ವರ್ಷದ ಸಂಪುಟ ರಟ್ಟು ಕಟ್ಟಲು ಹೋಗುವಂತಿಲ್ಲ. ಕಟ್ಟಿ ಬಂದ ಮೇಲೆ ಧೂಳು, ಗೆದ್ದಲು, ಬೆಳ್ಳಿಹುಳ, ಮಳೆಗಾಲದ ಬೂಷ್ಟು. ನುಸಿಗುಳಿಗೆಯ ವಾಸನೆ ನಮ್ಮ ಬಟ್ಟೆಗೂ ಅಂಟಿಕೊಂಡಿರುತ್ತಿತ್ತು.

ಇಷ್ಟೊಂದು ಸಂಪುಟಗಳಲ್ಲಿ ಬೇಕಾದ ಲೇಖನವನ್ನು ಹುಡುಕುವುದು ಹೇಗೆ? ಅದಕ್ಕೆಂದೇ ಬೇರೆ ಸಾಹಿತ್ಯವಿತ್ತು. 1907ರಲ್ಲಿ ಆರಂಭವಾದ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಲೋಕದ ರಸಾಯನ ಲೇಖನಗಳ ಸಾರವನ್ನು ಕೊಡುತ್ತಿತ್ತು; ಅದರ ಸೂಚಿಗಳೇ ಗೋಡೆ ತುಂಬುತ್ತಿದ್ದವು. 1964ರಲ್ಲಿ ಯೂಜಿನ್ ಗಾರ್‌ಫೀಲ್ಡ್ ಅವರ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಬಂದಾಗ ಹೊಸ ದಾರಿ ತೆರೆಯಿತು. ಅಲ್ಲಿಯವರೆಗೆ ಒಂದು ಲೇಖನದಿಂದ ಹಿಂದಕ್ಕೆ, ಅದು ಉಲ್ಲೇಖಿಸಿದ ಹಳೆಯ ಲೇಖನಗಳಿಗೆ ಹೋಗಬಹುದಿತ್ತು. ಈಗ ಮುಂದಕ್ಕೂ ಹೋಗಬಹುದಾಯಿತು. ಹಳೆಯ ಲೇಖನವನ್ನು ಆಮೇಲೆ ಯಾರು ಯಾರು ಬಳಸಿದರೆಂದು ತಿಳಿಯಿತು. ಹುಡುಕಲೆಂದು ಮಾಡಿದ ಈ ಸೂಚಿಯನ್ನು ಮುಂದೆ ವಿಜ್ಞಾನಿಗಳ ಯೋಗ್ಯತೆ ಅಳೆಯುವ ತಕ್ಕಡಿಯಾಗಿ ಬಳಸಿದ್ದು ಬೇರೆಯೇ ಕಥೆ.

ನಮ್ಮಲ್ಲಿ ಇಲ್ಲದ ಪತ್ರಿಕೆಗೆ ಇನ್ನೊಂದು ಗ್ರಂಥಾಲಯವೇ ಗತಿ. ಯುನೆಸ್ಕೊ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇನ್ಸ್‌ಡಾಕ್ ಸಂಸ್ಥೆ ದೇಶದ ಯಾವ ಗ್ರಂಥಾಲಯದಲ್ಲಿ ಯಾವ ಪತ್ರಿಕೆಯಿದೆ ಎಂದು ಪಟ್ಟಿ ಮಾಡಿತು; ಕೇಳಿದ ಲೇಖನದ ಪ್ರತಿ ತೆಗೆಸಿ ಕಳಿಸಿತು; ರಷ್ಯನ್, ಜರ್ಮನ್, ಜಪಾನೀ ಲೇಖನಗಳನ್ನು ಅನುವಾದ ಮಾಡಿಸಿಕೊಟ್ಟಿತು. ಇದರ ಹೊರತಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯದಂಥ ದೊಡ್ಡ ಭಂಡಾರಗಳಿದ್ದವು. ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕರು ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಬಂದು, ದಿನವೆಲ್ಲ ನೋಟು ಬರೆದುಕೊಂಡು, ಮತ್ತೆ ರಾತ್ರಿ ಬಸ್ಸಿಗೆ ಹಿಂದಿರುಗುತ್ತಿದ್ದುದನ್ನು ನಾನು ಬಲ್ಲೆ. ಅಂಥವರ ಒಂದು ಗಂಟೆ ಉಳಿಸಿದರೆ ಅದು ಪುಣ್ಯದ ಕೆಲಸ. ಓದುಗರ ಸಮಯ ಉಳಿಸಬೇಕೆಂಬ ರಂಗನಾಥನ್ ಅವರ ನಾಲ್ಕನೆಯ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಯಾವುದನ್ನು ಬಿಡುವುದು?

1991ರ ಜುಲೈ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನು ಎರಡು ಕಂತಿನಲ್ಲಿ ಇಳಿಸಲಾಯಿತು. ಸುಮಾರು 21 ರೂಪಾಯಿ ಇದ್ದ ಡಾಲರು 26 ರೂಪಾಯಿಯ ಹತ್ತಿರ ಹೋಯಿತು. ಪತ್ರಿಕೆಗಳಲ್ಲಿ ಅದು ಅರ್ಥಶಾಸ್ತ್ರದ ಸುದ್ದಿ. ನಮಗೆ ಮನೆಯ ಸುದ್ದಿ. ಸಾವಿರ ಡಾಲರ್ ಚಂದಾ ಇದ್ದ ಪತ್ರಿಕೆ ಒಂದೇ ವಾರದಲ್ಲಿ ಐದು ಸಾವಿರ ರೂಪಾಯಿ ತುಟ್ಟಿಯಾಯಿತು. ಪ್ರಕಾಶಕರು ವರ್ಷ ವರ್ಷ ಏರಿಸುತ್ತಿದ್ದ ಬೆಲೆ ಇದರ ಮೇಲೆ. ಅನುದಾನ ಇದ್ದಲ್ಲೇ ಇತ್ತು. ಹಾಗಾಗಿ ಗ್ರಂಥಪಾಲಕನ ಕೆಲಸ 'ಯಾವುದನ್ನು ತರಿಸುವುದು' ಎಂಬುದರಿಂದ 'ಯಾವುದನ್ನು ನಿಲ್ಲಿಸುವುದು' ಎಂಬುದಕ್ಕೆ ತಿರುಗಿತು.

ನಿಲ್ಲಿಸುವುದಕ್ಕೂ ಒಂದು ಲೆಕ್ಕವಿದೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಗ್ರಂಥಪಾಲಕ ಎಸ್.ಸಿ. ಬ್ರಾಡ್‌ಫರ್ಡ್ 1934ರಲ್ಲಿ ಇದನ್ನು ತೋರಿಸಿದರು. ಯಾವುದೇ ವಿಷಯದ ಲೇಖನಗಳಲ್ಲಿ ಮೂರರಲ್ಲೊಂದು ಪಾಲು ಕೆಲವೇ ಪತ್ರಿಕೆಗಳಲ್ಲಿ ಇರುತ್ತದೆ. ಇನ್ನೊಂದು ಪಾಲಿಗೆ ಅದಕ್ಕಿಂತ ಎಷ್ಟೋ ಪಟ್ಟು ಪತ್ರಿಕೆಗಳು ಬೇಕು. ಉಳಿದ ಪಾಲು ಅದಕ್ಕಿಂತಲೂ ದೊಡ್ಡ ಗುಂಪಿನಲ್ಲಿ ಚದುರಿಹೋಗಿರುತ್ತದೆ. ಹಣ ಕಡಿಮೆಯಿದ್ದಾಗ ನಡುವಿನ ಗುಂಪನ್ನು ಉಳಿಸಿ ಅಂಚಿನವನ್ನು ಬಿಡುವುದು ಈ ಲೆಕ್ಕದ ಪ್ರಕಾರ ಜಾಣತನ. ಆದರೆ ಅಂಚಿನಲ್ಲಿದ್ದ ಪತ್ರಿಕೆಯೂ ಯಾರದೋ ಪಾಲಿಗೆ ನಡುವಿನದೇ. ಇಡೀ ವಿಭಾಗದಲ್ಲಿ ಒಬ್ಬರೇ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತಿದ್ದರೆ ಅವರ ಪತ್ರಿಕೆಗೆ ಮತ ಹಾಕುವವರು ಯಾರು? ಸಮಿತಿಯ ಸಭೆಗಳಲ್ಲಿ ಗ್ರಂಥಪಾಲಕ ಅಂಥವರ ಪರವಾಗಿ ಒಂದು ಮಾತು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಅಂಚಿನ ಮಹತ್ವಕ್ಕೆ ಒಂದು ಉದಾಹರಣೆ. ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯ ಶಾಲೆಯಲ್ಲಿದ್ದ ಡಾನ್ ಸ್ವಾನ್‌ಸನ್ 1986ರಲ್ಲಿ ಎರಡು ರಾಶಿ ಲೇಖನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು ಮೀನೆಣ್ಣೆಯ ಬಗ್ಗೆ. ಅದು ರಕ್ತದ ಮಂದತೆಯನ್ನು ಇಳಿಸುತ್ತದೆಂದು ಅಲ್ಲಿತ್ತು. ಇನ್ನೊಂದು ಚಳಿಗೆ ಬೆರಳುಗಳು ಬಿಳಿಚಿಕೊಳ್ಳುವ ರೇನೋ ಎಂಬ ಕಾಯಿಲೆಯ ಬಗ್ಗೆ. ಅಂಥ ರೋಗಿಗಳ ರಕ್ತ ಮಂದವಾಗಿರುತ್ತದೆಂದು ಅಲ್ಲಿತ್ತು. ಎರಡು ಗುಂಪಿನವರೂ ಒಬ್ಬರ ಲೇಖನವನ್ನು ಒಬ್ಬರು ಓದಿದಂತಿರಲಿಲ್ಲ. ಮೀನೆಣ್ಣೆ ಈ ರೋಗಿಗಳಿಗೆ ಉಪಯೋಗವಾಗಬಹುದೆಂದು ಸ್ವಾನ್‌ಸನ್ ಬರೆದರು. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕೆಲವು ಬಗೆಯ ರೋಗಿಗಳ ಮಟ್ಟಿಗೆ ಆ ಊಹೆಗೆ ಬೆಂಬಲ ಕೊಟ್ಟಿತು. ಪ್ರಯೋಗಶಾಲೆಗೆ ಕಾಲಿಡದೆ, ಓದಿನಿಂದಲೇ ಬಂದ ಹೊಳಹು ಅದು. ತಿಳಿವಳಿಕೆ ಕಪಾಟಿನಲ್ಲಿತ್ತು, ಎರಡು ಕಪಾಟುಗಳ ನಡುವೆ ಹಾದಿ ಇರಲಿಲ್ಲ.

ಪರದೆಯ ಮೇಲೆ ಕಾಣದ್ದು

ಆಮೇಲೆ ಕಂಪ್ಯೂಟರ್ ಬಂತು. ಸೂಚಿಗಳು ಸಿ.ಡಿ.ಗೆ ಇಳಿದವು, ಬಳಿಕ ಅಂತರಜಾಲಕ್ಕೆ ಏರಿದವು. ಭೌತ ವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಮೋಸ್‌ನಲ್ಲಿ ಆರಂಭಿಸಿದ ಆರ್ಕೈವ್ ಎಂಬ ಭಂಡಾರದಿಂದಾಗಿ ಭೌತ ವಿಜ್ಞಾನದ ಲೇಖನಗಳು ಅಚ್ಚಾಗುವ ಮೊದಲೇ ಎಲ್ಲರಿಗೂ ಉಚಿತವಾಗಿ ಸಿಗತೊಡಗಿದವು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಸಂಶೋಧಕರ ಲೇಖನಗಳಿಗಾಗಿ ಇಂಥದೇ ಮುಕ್ತ ಭಂಡಾರವನ್ನು ತೆರೆಯಿತು. ಹಡಗಿನ ಕಾಲದ ನಮಗೆ ಇದು ಪವಾಡವೇ. ಕಾಗದದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ 2010ರ ಹೊತ್ತಿಗೆ ನಿಂತಾಗ ಅದಕ್ಕಾಗಿ ಕಣ್ಣೀರು ಹಾಕುವ ಅಗತ್ಯವಿರಲಿಲ್ಲ. ಅದರ ಸಣ್ಣಕ್ಷರಗಳಲ್ಲಿ ಕಣ್ಣು ಕೆಡಿಸಿಕೊಂಡವರಿಗೆ ಇದು ಗೊತ್ತು.

ಆದರೆ ಹೊಸ ಅನುಕೂಲಕ್ಕೆ ಹೊಸ ಅಪಾಯವೂ ಅಂಟಿಕೊಂಡಿತ್ತು. ಪರದೆಯ ಮೇಲೆ ಕಾಣದ್ದು ಲೋಕದಲ್ಲೇ ಇಲ್ಲ ಎಂಬ ನಂಬಿಕೆ ಅದು. 2001ರ ಜೂನ್ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸದ ಬಗೆಗಿನ ಪ್ರಯೋಗವೊಂದರಲ್ಲಿ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬಳು ಸತ್ತಳು. ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಅವಳು ಉಸಿರಿನ ಮೂಲಕ ತೆಗೆದುಕೊಂಡಿದ್ದಳು, ಶ್ವಾಸಕೋಶಗಳು ಕೆಟ್ಟವು. ಪ್ರಯೋಗಕ್ಕೆ ಮುಂಚೆ ಸಂಶೋಧಕರು ಪಬ್‌ಮೆಡ್ ಎಂಬ ಗಣಕ ಸೂಚಿಯಲ್ಲಿ ಹುಡುಕಿದ್ದರು. ಆಗ ಅದು 1966ಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ಈ ಔಷಧ ಶ್ವಾಸಕೋಶಕ್ಕೆ ಹಾನಿ ಮಾಡಬಹುದೆಂಬ ವರದಿಗಳು 1950ರ ದಶಕದ ಪತ್ರಿಕೆಗಳಲ್ಲಿದ್ದವು. ಗ್ರಂಥಾಲಯದ ರಟ್ಟು ಕಟ್ಟಿದ ಸಂಪುಟಗಳಲ್ಲಿ, ಅಚ್ಚಾದ ಹಳೆಯ ಸೂಚಿಗಳ ಸಾಲಿನಲ್ಲಿ ಹುಡುಕಿದರೆ ಸಿಗುವಂಥವು. ಈ ಪ್ರಕರಣವನ್ನು ನಾನು ತರಬೇತಿಗೆ ಬಂದ ಪ್ರತಿ ತಂಡಕ್ಕೂ ಹೇಳಿದ್ದೇನೆ. ಯಾರನ್ನೋ ದೂರುವುದಕ್ಕಲ್ಲ, ನಮ್ಮ ಕೆಲಸದ ಕೊನೆಯಲ್ಲಿ ಒಂದು ಜೀವ ಇರಬಹುದು ಎಂದು ನೆನಪಿಸುವುದಕ್ಕೆ.

ಎರಡನೆಯ ಅಪಾಯ ಇದಕ್ಕೆ ತಿರುಗುಮುರುಗು. ಇರಬಾರದ್ದು ಉಳಿದುಕೊಳ್ಳುವುದು. ಮಕ್ಕಳ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅಂತರಜಾಲದಲ್ಲಿ ಆ ಲೇಖನದ ಮೇಲೆ ಗುರುತು ಬಿತ್ತು. ಕಪಾಟಿನಲ್ಲಿರುವ 1998ರ ಸಂಪುಟ ಮಾತ್ರ ಅದೇ ಗಾಂಭೀರ್ಯದಿಂದ ಕುಳಿತಿದೆ. ಅದನ್ನು ಹರಿಯುವಂತಿಲ್ಲ, ಅದು ಚರಿತ್ರೆ. ಹಾಗೇ ಬಿಡುವಂತೆಯೂ ಇಲ್ಲ. ಒಂದು ಚೀಟಿ ಅಂಟಿಸುವುದು ಸಣ್ಣ ಕೆಲಸವೇ; ಆದರೆ ಯಾವ ಪುಟಕ್ಕೆ ಚೀಟಿ ಅಂಟಿಸಬೇಕೆಂದು ತಿಳಿದಿರುವ ಒಬ್ಬರು ಅಲ್ಲಿ ಇರಬೇಕು. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ಕೃತಕ ಬುದ್ಧಿಮತ್ತೆಯ ಯಂತ್ರ ಬರೆದುಕೊಟ್ಟ ಆಧಾರ ಪಟ್ಟಿಯನ್ನು ಹಿಡಿದು ವಿದ್ಯಾರ್ಥಿಗಳು ಬರುತ್ತಾರೆ. ಲೇಖಕರ ಹೆಸರಿದೆ, ಪತ್ರಿಕೆಯ ಹೆಸರಿದೆ, ಪುಟ ಸಂಖ್ಯೆಯಿದೆ. ಆದರೆ ಅಂಥ ಲೇಖನವೇ ಇಲ್ಲ. ಇರುವುದನ್ನು ಹುಡುಕಿಕೊಡುತ್ತಿದ್ದ ಗ್ರಂಥಪಾಲಕ ಈಗ ಇಲ್ಲದ್ದನ್ನು ಇಲ್ಲವೆಂದು ಸಾಧಿಸಿ ತೋರಿಸಬೇಕಾಗಿದೆ.

ಕೊಂಡದ್ದೇ, ಬಾಡಿಗೆಯದೇ?

ಮೂರನೆಯದು ನನಗೆ ಹೆಚ್ಚು ಚಿಂತೆ ತರುವ ಸಂಗತಿ. ಕಾಗದದ ಪತ್ರಿಕೆಗೆ ಚಂದಾ ಕಟ್ಟಿದರೆ ಆ ಸಂಪುಟ ನಮ್ಮದು. ಮುಂದಿನ ವರ್ಷ ಹಣವಿಲ್ಲದೆ ನಿಲ್ಲಿಸಿದರೂ ಹಿಂದಿನದು ಕಪಾಟಿನಲ್ಲಿ ಉಳಿಯುತ್ತದೆ. ಅಂತರಜಾಲದ ಪತ್ರಿಕೆಗೆ ನಾವು ಕೊಡುವುದು ಹೆಚ್ಚಾಗಿ ಪ್ರವೇಶದ ಹಣ. ಒಪ್ಪಂದದಲ್ಲಿ ಬೇರೆ ಮಾತು ಬರೆಸದಿದ್ದರೆ, ಹಣ ನಿಂತ ದಿನ ಬಾಗಿಲೂ ಮುಚ್ಚುತ್ತದೆ. ಸ್ವಂತ ಮನೆಯಿಂದ ಬಾಡಿಗೆ ಮನೆಗೆ ಬಂದಂತೆ. ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಆದರೆ ಕರಾರು ಪತ್ರ ಓದದೆ ಸಹಿ ಹಾಕುವಂತಿಲ್ಲ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳು. ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದ ಅಧ್ಯಾಪಕರ ಮುಂದಿನ ಪೀಳಿಗೆಗೆ ತಮ್ಮ ಕಾಲೇಜಿನಲ್ಲೇ ಕುಳಿತು ಓದುವ ಅವಕಾಶ ಇದು. ಇದನ್ನು ಸಂತೋಷದಿಂದ ಸ್ವಾಗತಿಸುತ್ತೇನೆ. ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕು. ಕರಾರು ಮುಗಿದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಮತ್ತು, ಪಟ್ಟಣದಾಚೆಯ ಕಾಲೇಜಿನ ಹುಡುಗಿಗೆ 13,000 ಪತ್ರಿಕೆಗಳ ಬಾಗಿಲು ತೆರೆದಾಗ, ಇದರಲ್ಲಿ ಎಲ್ಲಿ ಹುಡುಕಬೇಕೆಂದು ಅವಳ ಪಕ್ಕದಲ್ಲಿ ಕುಳಿತು ಹೇಳುವವರು ಯಾರು? ಬಾವಿ ತೋಡಿದವರು ಹಗ್ಗ ಬಿಂದಿಗೆಯನ್ನೂ ಇಡಬೇಕು. ಎಲ್ಲ ಅಂತರಜಾಲದಲ್ಲಿದೆ, ಇನ್ನು ಗ್ರಂಥಪಾಲಕ ಏಕೆ ಎನ್ನುವವರು ಬಾವಿಯನ್ನಷ್ಟೇ ನೋಡಿದ್ದಾರೆ.

ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಮಾಡಿದ ಪ್ರಯೋಗಗಳ ಲೇಖನ 1866ರಲ್ಲಿ ಪ್ರಕಟವಾಯಿತು. ಆ ಸಂಚಿಕೆ ಯುರೋಪು ಅಮೆರಿಕಗಳ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಗಿತ್ತು. ಅನುವಂಶೀಯ ವಿಜ್ಞಾನದ ಅಡಿಪಾಯವೆಲ್ಲ ಅದರಲ್ಲಿತ್ತು. 1900ರಲ್ಲಿ ಮೂವರು ವಿಜ್ಞಾನಿಗಳು ಮತ್ತೆ ಅತ್ತ ತಿರುಗುವವರೆಗೆ, 34 ವರ್ಷ ಅದು ಹೆಚ್ಚು ಕಡಿಮೆ ಮೌನವಾಗಿಯೇ ಇತ್ತು. ಈ ಕಥೆಯನ್ನು ವಿಜ್ಞಾನಿಯ ದುರದೃಷ್ಟವೆಂದು ಹೇಳುವ ರೂಢಿಯಿದೆ. ಗ್ರಂಥಪಾಲಕನಿಗೆ ಇದರಲ್ಲಿ ಎರಡು ಪಾಠ ಕಾಣುತ್ತದೆ. ನೂರಾರು ಕಡೆ ಪ್ರತಿ ಇದ್ದುದರಿಂದ ಲೇಖನ ಅಳಿಯಲಿಲ್ಲ, 34 ವರ್ಷ ಕಾದರೂ ಸಿಕ್ಕಿತು; ಇದು ಕಾಪಾಡಿದ್ದರ ಫಲ. ಆದರೆ ಕಾಪಾಡಿದ್ದಷ್ಟೇ ಸಾಲದೆ ಹೋದುದಕ್ಕೆ ಒಂದು ತಲೆಮಾರು ಕಳೆಯಿತು.

ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು ರಂಗನಾಥನ್ ಅವರ ಮೂರನೆಯ ಸೂತ್ರ. ಓದುಗ ತಾನಾಗಿ ಬರುತ್ತಾನೆಂದು ಅವರು ಹೇಳಲಿಲ್ಲ. ಅವನನ್ನು ಪುಸ್ತಕದ ಬಳಿಗೆ ಕರೆತರುವ ಹೊಣೆಯನ್ನು ನಮ್ಮ ಹೆಗಲಿಗೆ ಹಾಕಿದರು. ಇಲ್ಲಿರುವ ಕಿರಿಯರಿಗೆ ನನ್ನದು ಒಂದೇ ಕೋರಿಕೆ. ನಿಮ್ಮ ಮುಂದೆ ಕಾರ್ಡುಗಳ ಪೆಟ್ಟಿಗೆ ಇಲ್ಲ, ಕಂಪ್ಯೂಟರ್ ಇದೆ, ಒಳ್ಳೆಯದೇ. ಅದರ ಪರದೆಯಿಂದ ಆಗಾಗ ತಲೆಯೆತ್ತಿ, ಬಾಗಿಲಲ್ಲಿ ಸಂಕೋಚದಿಂದ ನಿಂತವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ಇದ್ದರೆ ಒಳಗೆ ಕರೆದು, ಏನು ಬೇಕಾಗಿತ್ತು ಎಂದು ಕೇಳಿ.